ನರ್ಸಬಾಯಿಯವರು ಮತ್ತು ನನ್ನ ದವಡೆ

ನರ್ಸಬಾಯಿಯವರು ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟುತ್ತಿದ್ದರು. ನಾಡಿ ಹಿಡಿದು ಹಿಡಿದು ಬಂದ ಅಭ್ಯಾಸ. ನಿವೃತ್ತರಾಗಿ ಬೈರಿದೇವರಕೊಪ್ಪದ ನಮ್ಮ ಓಣಿಗೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಕಾಯಿಪಲ್ಲೆ ಮಾರುವವಳ ಮುಖವನ್ನು ದಿಟ್ಟಿಸಿ, "ರಕ್ತ ತಪಾಸ ಮಾಡಿಸೀಯೇನ?" ಎಂದು ಕೇಳಿಬಿಡುವರು. ಹೀಗಾಗಿ ಓಣಿಯವರೆಲ್ಲ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆವು; ನಾನಂತೂ ಎಲ್ಲರಿಗಿಂತ ಹೆಚ್ಚು.

ನಾನು ದವಡೆಯ ಆಪರೇಷನ್ ಮಾಡಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಮುಂದೆ ಚಾಚಿದ್ದ ಕೆಳದವಡೆ ಒಳಗೆ ಹೋಗಿತ್ತು, ನಿಜ. ಆದರೆ ಎಡಗಡೆಯ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೆಳತುಟಿ ಮರಗಟ್ಟಿತ್ತು; ಸಾರು ಗದ್ದಕ್ಕೆ ಇಳಿದರೂ ತಿಳಿಯದು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದೆ. ರಜೆ ಮುಗಿಯುತ್ತ ಬಂದಿತ್ತು. ಮಕ್ಕಳ ಮುಂದೆ ಜೊಲ್ಲು ಒರೆಸಿಕೊಳ್ಳುತ್ತ ಪಾಠ ಮಾಡುವುದು ಹೇಗೆ? ಹೀಗೇ ಉಳಿದರೆ ಗತಿಯೇನು, ಮತ್ತೆ ಎಲುಬು ಕೊಯ್ಸಿಕೊಂಡರೆ ಗತಿಯೇನು? ಅತ್ತ ದರಿ, ಇತ್ತ ಪುಲಿ. ದಿನಕ್ಕೆ ಇಪ್ಪತ್ತು ಸಲ ಕನ್ನಡಿಯ ಮುಂದೆ ಹಲ್ಲು ಕಚ್ಚಿ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಎರಡನೇ ಆಪರೇಷನ್‌ಗೆ ದಿನ ಗೊತ್ತುಮಾಡಿಬಿಟ್ಟೆ.

ಅದು ನರ್ಸಬಾಯಿಯವರ ಕಿವಿಗೆ ಬಿತ್ತು. "ಮೊದಲಿನ ಕಾಗದ ಎಲ್ಲಾ ತರ್ರಿ, ಎಕ್ಸರೇನೂ ತರ್ರಿ," ಎಂದರು. ಕಟ್ಟೆಯ ಮೇಲೆ ಕುಳಿತು ಒಂದೊಂದೇ ಹಾಳೆ ಓದಿದರು. ಆಪರೇಷನ್ ಆದಮೇಲೆ ನಾನು ತೋರಿಸಲು ಹೋದ ಮೂರೂ ಸಲ ಡಾಕ್ಟರು 'ತೊಂದರೆ ಇಲ್ಲ' ಎಂದು ಬರೆದಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ನೋಡ್ರಿ, ಹೆಂಗ ಸುಳ್ಳ ಬರದಾರ!"

"ಹೆಂಗದೀರಿ ಅಂತ ಅವರು ಕೇಳಿದಾಗ ನೀವೇನಂದ್ರಿ?"

ಏನೆನ್ನುತ್ತೇವೆ? ನಮ್ಮ ಕಡೆ ಯಾರು ಕೇಳಿದರೂ ಹೇಳುವುದು ಒಂದೇ. "ಆರಾಮ ಅದೀನ್ರಿ" ಅಂದಿದ್ದೆ, ಮೂರೂ ಸಲ. ಅಷ್ಟು ದೊಡ್ಡ ಡಾಕ್ಟರ ಎದುರು 'ನೀವು ಮಾಡಿದ್ದು ಸರಿಹೋಗಿಲ್ಲ' ಎನ್ನಲು ಬಾಯಿ ಬಂದಿರಲಿಲ್ಲ. ಹೊರಗೆ ಬಂದು ಗಂಡನ ಮುಂದೆ ಅತ್ತಿದ್ದೆ, ಅಷ್ಟೇ.

"ಬೀಗರ ಮನ್ಯಾಗ ಹೇಳೋ ಮಾತ ದವಾಖಾನ್ಯಾಗ ಹೇಳಿದ್ರ ಹೆಂಗ್ರಿ ಅಕ್ಕೋರ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರು ಹೇಳಿದಂತೆ ಹದಿನೈದು ದಿನ ಬರೆದಿಟ್ಟೆ: ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಯಾವ ಹಲ್ಲು ಕೂಡುವುದಿಲ್ಲ, ತುಟಿ ಎಲ್ಲಿಂದ ಎಲ್ಲಿಯವರೆಗೆ ಮರಗಟ್ಟಿದೆ. "ಇನ್ನೊಬ್ಬರನ್ನೂ ಕೇಳೂಣಂತ. ಆದ್ರ ಮಾಡಿದವರಿಗೆ ಮೊದಲ ಹೇಳ್ರಿ. ಕೊಯ್ಸಾಕ ಮಾತ್ರ ಲಗೂ ಮಾಡಬ್ಯಾಡ್ರಿ," ಎಂದರು.

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಜೊತೆಗೆ ತಾವೇ ಬಂದರು. ಡಾಕ್ಟರು ನಗುತ್ತ, "ಹೆಂಗದೀರಿ?" ಎಂದರು. ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನರ್ಸಬಾಯಿಯವರು ಗೋಡೆ ನೋಡುತ್ತ ಕುಳಿತಿದ್ದರು. ನನ್ನ ಸಹಾಯಕ್ಕೆ ಬರಲಿಲ್ಲ.

"ಆರಾಮಿಲ್ರಿ," ಎಂದೆ. ಬರೆದ ಹಾಳೆಗಳನ್ನು ಅವರ ಮುಂದಿಟ್ಟೆ.

ಅವರು ಓದಿದರು, ಬಾಯಿ ತೆರೆಸಿ ನೋಡಿದರು, ಹೊಸ ಸ್ಕ್ಯಾನ್ ಬರೆದುಕೊಟ್ಟರು. "ಇದನ್ನ ಮೊದಲ ಹೇಳಬೇಕಿಲ್ಲೇನ್ರಿ?" ಎಂದರು. ಧಾರವಾಡದ ಇನ್ನೊಬ್ಬ ತಜ್ಞರಿಗೂ ತೋರಿಸಿದೆವು. ಇಬ್ಬರದೂ ಒಂದೇ ಮಾತು: ಸದ್ಯ ಕೊಯ್ಯುವುದು ಬೇಡ, ಹಲ್ಲಿಗೆ ತಂತಿ ಹಾಕಿ ಕೂಡಿಸಲು ನೋಡೋಣ, ತುಟಿಯ ಬಗ್ಗೆ ಮಾತ್ರ ಮಾತು ಕೊಡಲಾರೆವು. ನಾನು ಗೊತ್ತುಮಾಡಿದ್ದ ದಿನವನ್ನು ರದ್ದುಮಾಡಿದೆ.

ಧಾರವಾಡದಿಂದ ಬಸ್ಸಿನಲ್ಲಿ ಮರಳುತ್ತಿದ್ದೆವು. ನರ್ಸಬಾಯಿಯವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಮೂವತ್ತು ವರ್ಷ ವಾರ್ಡಿನ್ಯಾಗ ನರಳೋರಿಗೆಲ್ಲಾ 'ಸುಮ್ಮನಿರ್ರಿ, ಕಡಿಮಿ ಆಗತೈತಿ' ಅಂದೇನಿ. ಒಬ್ಬಾಕಿ ಖರೇನ ಸುಮ್ಮನಾಗಿಬಿಟ್ಲು. ನಾ ಡಾಕ್ಟರ್‌ನ ಕರೀಲಿಲ್ಲ. ಬೆಳಗಾಗೂದ್ರಾಗ ಹೋಗಿಬಿಟ್ಟಿದ್ಲು."

ಅವಳು ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ವರ್ಷ ನರ್ಸಬಾಯಿಯವರು ತೀರಿಕೊಂಡರು. ನನ್ನ ತುಟಿಯ ಒಂದು ತುದಿ ಇನ್ನೂ ಮರಗಟ್ಟಿಯೇ ಇದೆ. ಆದರೆ ಹಲ್ಲು ಕೂಡುತ್ತವೆ, ಪಾಠ ಮಾಡುತ್ತೇನೆ. ಅವರ ಋಣ ದೊಡ್ಡದು. ಅವರನ್ನು ನೆನೆದು ಕೈಮುಗಿಯುವಾಗಲೆಲ್ಲ, ಹೆಸರೂ ಗೊತ್ತಿಲ್ಲದ ಆ ಹೆಣ್ಣುಮಗಳಿಗೂ ಸೇರಿಸಿ ಮುಗಿಯುತ್ತೇನೆ.