ಎರಡೇ ಮಾತಿನ ಆಪ್

ಹುಲ್ಲಹಳ್ಳಿಯ ಗಾನವಿ ಮಾಡಿದ ಆಪ್‌ಗೆ ಬರುವುದು ಎರಡೇ ಮಾತು. ಕಾಲುವೆ ನೀರು ಈಗ ಯಾರ ಗದ್ದೆಗೆ, ಮುಂದೆ ಯಾರ ಗದ್ದೆಗೆ. ಓದು ಬಾರದವರಿಗೂ ತಿಳಿಯಲೆಂದು ಅದನ್ನು ಗಟ್ಟಿಯಾಗಿ ಕೂಗಿ ಹೇಳುತ್ತದೆ. ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತೂಬು ತೆರೆದು ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ನಂಜನಗೂಡಿಗೆ ಬಸ್ಸಿನಲ್ಲಿ ಓಡಾಡಿ ಬಿಸಿಎ ಓದಿದ ಈ ಹುಡುಗಿ ಮೊದಲಿನಿಂದಲೂ ಹಠಮಾರಿ.

ಚೆನ್ನಾಗಿರುವುದನ್ನು ಜನ ಸುಮ್ಮನೆ ಬಿಟ್ಟಾರೆಯೇ? ಒಬ್ಬರಿಗೆ ಅದರಲ್ಲಿ ಪಂಚಾಂಗ ಬೇಕು, ಇನ್ನೊಬ್ಬರಿಗೆ ಭತ್ತದ ರೇಟು. ನೀರು ಬಳಕೆದಾರರ ಸಂಘದ ಅಧ್ಯಕ್ಷ ಶಂಭುಲಿಂಗಪ್ಪ ಅವಳಿಗೆ ಸ್ವಂತ ದೊಡ್ಡಪ್ಪ. ಆಪ್ ತೆರೆದ ಕೂಡಲೇ ಅವರ ಫೋಟೊ ಕೈಮುಗಿದು ನಿಂತಿರಬೇಕಂತೆ! ಅತಿಯಾಸೆ ಗತಿಗೇಡು ಎನ್ನುವುದು ಬರೀ ದುಡ್ಡಿಗೆ ಹೇಳಿದ ಮಾತಲ್ಲ.

ಫೋಟೊ ಬೇಡವೆಂದ ಗಾನವಿ, ದೊಡ್ಡಪ್ಪನ ಮುಖ ನೋಡಿ ಅವರು ಕೇಳಿದ ಇನ್ನೊಂದಕ್ಕೆ ಒಪ್ಪಿದಳು. ಸರದಿ ಬದಲಿಸಿಕೊಳ್ಳುವ ಗುಂಡಿ. ಒಬ್ಬರು ಕೇಳುವುದು, ಇನ್ನೊಬ್ಬರು ‘ಆಗಲಿ’ ಎಂದು ಒತ್ತುವುದು. ಆದರೆ ನಮ್ಮ ಕಡೆ, ಕೇಳಿದವರಿಗೆ ಇಲ್ಲವೆನ್ನುವ ಬಾಯಿ ಯಾರಿಗಿದೆ? ಅದೇ ಕಾಲುವೆಯ ಗದ್ದೆಯವರಾದ ಜವರಮ್ಮ, ತಮ್ಮ ಸರದಿ ಕೇಳಿದ ಮೂವರಿಗೂ ‘ಆಗಲಿ’ ಒತ್ತಿಬಿಟ್ಟರು. ಎದುರಿಗೆ ಹೂಂ ಎಂದು, ಆಮೇಲೆ ನೀರುಗಂಟಿಯ ಕಿವಿಯಲ್ಲಿ ಬೇಡವೆನ್ನುವುದು ಹಿಂದಿನಿಂದ ಬಂದ ರೀತಿ. ಆಪ್‌ಗೆ ಅದೆಲ್ಲಿ ಗೊತ್ತು? ಒಂದೇ ಸರದಿಯನ್ನು ಮೂವರ ಹೆಸರಿಗೂ ಕೂಗಿತು. ತೂಬಿನ ಹತ್ತಿರ ಮೂರು ಮನೆಯವರು ಕೈ ಕೈ ಮಿಲಾಯಿಸಿದರು. ಇತ್ತ ಜವರಮ್ಮನ ಸಸಿಮಡಿ ಒಣಗಿತು.

ಒಣಗಿದ ಸಸಿಯನ್ನು ಗಾನವಿ ಗದ್ದೆಗೇ ಹೋಗಿ ನೋಡಿದಳು. ಅಂದೇ ಆ ಗುಂಡಿಯನ್ನು ಕಿತ್ತು ಹಾಕಿದಳು.

ಶಂಭುಲಿಂಗಪ್ಪ ಕೆಂಡವಾದರು. ಕೇಳಿದ್ದೆಲ್ಲ ಸೇರಿಸಿದರೆ ಸರಿ, ಇಲ್ಲವಾದರೆ ಈ ಆಪೇ ಬೇಡ, ಮೈಸೂರಿನವರಿಂದ ಬೇರೆ ಮಾಡಿಸೋಣ ಎಂದು ಸಭೆ ಕರೆದರು. ಸಭೆಯಲ್ಲಿ ಗಾನವಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

“ಏನ್ ಮಗಾ, ಒಂದ್ ಪಂಚಾಂಗ ಹಾಕಕ್ಕೆ ನಿಂಗೇನ್ ಕಷ್ಟ?”

“ಹಾಕ್ಬೋದು ದೊಡ್ಡಪ್ಪ. ರೇಟೂ ಹಾಕ್ಬೋದು, ನಿಮ್ ಫೋಟೊನೂ ಹಾಕ್ಬೋದು. ಎಲ್ಲಾ ಸೇರ್ಕೊಂಡು ಕೂಗುದ್ರೆ, ನೀರು ಬಂತು ಅನ್ನೋದು ಯಾರ್ ಕಿವಿಗೆ ಬಿದ್ದಾತು?”

ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಜವರಮ್ಮನ ಮಡಿಲಲ್ಲಿದ್ದ ಫೋನು ಕೂಗಿತು: “ಜವರಮ್ಮನ ಗದ್ದೆಗೆ ನೀರು ಬಂತು. ಮುಂದೆ ಶಂಭುಲಿಂಗಪ್ಪನವರ ಗದ್ದೆಗೆ.”

“ಸಭೆ ನೀವ್ ಮಾಡ್ಕಳಿ ಸಾಮಿ, ನಾ ಓಯ್ತೀನಿ. ಈ ಮಗೀನ ಆಪ್ ಮಾತ್ರ ಮುಟ್ಬೇಡಿ ಕಣ್ರಪ್ಪೋ!” ಎಂದು ಜವರಮ್ಮ ಎದ್ದು ಹೊರಟೇಬಿಟ್ಟರು. ಮೂವರ ಮುಂದೆ ಬಾರದಿದ್ದ ‘ಬೇಡ’ ಎಂಬ ಮಾತನ್ನು ಇಡೀ ಸಭೆಯ ಮುಂದೆ ಆಡಿಬಿಟ್ಟಿದ್ದರು! ಗಾನವಿಯ ಕಣ್ಣು ತುಂಬಿತು.

ಜನ ಗೊಳ್ಳೆಂದು ನಕ್ಕರು. ಆಪ್ ಹೀಗೇ ಇರಲಿ ಎಂದು ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರ ಕೈ ಮಾತ್ರ ಏಳಲಿಲ್ಲ. ಅವರಾಗಲೇ ಪಂಚೆ ಎತ್ತಿಕಟ್ಟಿ, ಚಪ್ಪಲಿ ಹುಡುಕುತ್ತ ಬಾಗಿಲಲ್ಲಿದ್ದರು.

“ಇದ್ದಂಗೇ ಇರ್ಲಿ ಬುಡ್ರೋ! ಮುಂದ್ಲುದ್ದು ನನ್ ಸರದಿ!”