ಶೇರ್ವಾನಿ ತೊಟ್ಟ ಬಡಗಿ

ಗರಗಸ ಹಿಡಿದರೆ ನಮ್ಮ ಮಾವನವರ ನಾಲಿಗೆಯ ತುದಿ ಮೀಸೆಯ ಕೆಳಗಿನಿಂದ ಹೊರಗೆ ಬರುತ್ತಿತ್ತು. ಗರಗಸ ಎಡಕ್ಕೆ ಸರಿದರೆ ನಾಲಿಗೆಯೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಮೈಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಶೇರ್ವಾನಿ, ಅದರ ತುಂಬ ಕಟ್ಟಿಗೆಯ ಹೊಟ್ಟು.

"ಬಟ್ಟಿ ಬದಲಿ ಮಾಡ್ಕೋರಿ" ಎಂದು ಅತ್ತೆ ಗೋಗರೆದರೆ, "ಕೆಲಸಕ್ಕ ಕೂಡೋ ಮನುಷ್ಯಾ ನೌಕರಿ ಬಟ್ಟ್ಯಾಗೇ ಕೂಡಬೇಕು" ಎನ್ನುತ್ತಿದ್ದರು.

ಅವರು ಭಾಲ್ಕಿಯ ಕಚೇರಿಯಲ್ಲಿ ನಿಜಾಮನ ಕಾಲದ ಗುಮಾಸ್ತರು. ಮನೆತನ ಬಡಗಿಯರದೇ, ಆದರೆ ಅವರ ಅಪ್ಪ ಮಗನ ಕೈಗೆ ಉಳಿ ಕೊಡದೆ ಲೇಖನಿ ಕೊಟ್ಟಿದ್ದರು. ಉರ್ದು ಅಕ್ಷರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರಂತೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳಿಕೆ ಮುಗಿಯಿತು. ಹೊಸ ಸಾಹೇಬರು ಬಂದರು, ಕಾಗದಗಳು ಇಂಗ್ಲಿಷಿಗೆ ತಿರುಗಿದವು, ಉರ್ದು ಬಿಟ್ಟು ಬೇರೆ ಬಾರದ ಮಾವನವರು ಮನೆ ಸೇರಿದರು. ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. ಹಾಗೇ ಬಹಳ ದಿನ ಕಳೆದು, ಒಂದು ಮುಂಜಾನೆ ಎದ್ದು ಅಟ್ಟದಿಂದ ಅಪ್ಪನ ಗರಗಸ ಇಳಿಸಿದರು. "ಇವತ್ತಿನಿಂದ ನಾ ಬಡಗಿ" ಎಂದು ಸಾರಿದರು.

ನಾನು ಸೊಸೆಯಾಗಿ ಆ ಮನೆ ಹೊಕ್ಕಾಗ ಅಲ್ಲಿ ಯಾವ ಸಾಮಾನೂ ನೆಟ್ಟಗಿರಲಿಲ್ಲ. ಬಚ್ಚಲ ಕದ ಮೇಲೆ ಹೊಂದಿದರೆ ಕೆಳಗೆ ಬೆಕ್ಕು ನುಗ್ಗುವಷ್ಟು ಸಂದಿ. ನಾದಿನಿಯನ್ನು ನೋಡಲು ಔರಾದದಿಂದ ಬಂದ ಹಿರಿಯರೊಬ್ಬರನ್ನು ಮಾವನವರು ಅಕ್ಕರೆಯಿಂದ ತಾವೇ ಮಾಡಿದ ಸ್ಟೂಲಿನ ಮೇಲೆ ಕೂಡಿಸಿದರು. ಆ ಹಿರಿಯರು ಚುರುಮುರಿ ತಾಟಿನ ಸಮೇತ ಮೆಲ್ಲಗೆ ಜಾರುತ್ತ ಜಾರುತ್ತ ಅತ್ತೆಯ ಕಾಲ ಬಳಿ ಇಳಿದರು.

"ನೆಲಾ ಓರಿ ಅದ" ಎಂದರು ಮಾವನವರು. ಅವರ ಕಿವಿಗಳು ಕೆಂಪಾಗಿದ್ದವು.

ನಾನು ಕಮಠಾಣದ ಬಡಗಿಯ ಮಗಳು. ತಂದೆಗೆ ಗಂಡುಮಕ್ಕಳಿರಲಿಲ್ಲ. ಅವರ ಜೋಡಿ ಗರಗಸ ಎಳೆದೇ ಬೆಳೆದವಳು. ಆದರೆ ಆಗ ಸೊಸೆ ಮಾವನ ಎದುರು ನಿಲ್ಲುವುದೇ ಇರಲಿಲ್ಲ, ಮಾತಂತೂ ದೂರವೇ ಉಳಿಯಿತು.

ನಾನು ಬಸುರಿ ಎಂಬ ಸುದ್ದಿ ಕೇಳಿದ್ದೇ ಮಾವನವರು ಸಾಗವಾನಿ ಹಲಗೆ ಹೊರಿಸಿಕೊಂಡು ಬಂದರು. "ತೊಟ್ಟಿಲಾ ನಾನೇ ಮಾಡ್ತೇನಿ." ಔರಾದದ ಹಿರಿಯರಿಗಾದರೆ ನೆಲ ಹತ್ತಿರವಿತ್ತು. ತೊಟ್ಟಿಲಿನ ಕೂಸಿಗೆ?

ಕದದ ಹಿಂದೆ ನಿಂತು ನೋಡಿದೆ. ಗರಗಸ ಹಲಗೆಯ ಮೇಲೆ ಎಳೆದ ಗೆರೆ ಬಿಟ್ಟಿತು. ತಡೆಯಲಾರದೆ ಕೆಮ್ಮಿದೆ. ಅವರು ನಿಂತು ಹಲಗೆ ನೋಡಿ ಸರಿಮಾಡಿಕೊಂಡರು. ಮತ್ತೆ ಬಿಟ್ಟಿತು, ಮತ್ತೆ ಕೆಮ್ಮಿದೆ. ಸಂಜೆಗೆ ಹಕೀಮರ ಕಡೆಯಿಂದ ಕಷಾಯ ಬಂತು. "ಸೊಸಿಗಿ ಎದಿ ಕಟ್ಟ್ಯಾದ, ಕುಡಸು" ಎಂದು ಅತ್ತೆಯ ಕೈಗಿಟ್ಟರು. ಕುಡಿದು ಮರುದಿನವೂ ಕೆಮ್ಮಿದೆ. ಅಂದು ಇನ್ನೂ ಕಹಿಯಾದದ್ದು ಬಂತು.

ಕೊನೆಗೆ ಅವರಿಗೆ ಅನುಮಾನ ಹುಟ್ಟಿರಬೇಕು. ಬೇಕಂತಲೇ ಗರಗಸವನ್ನು ಗೆರೆಯಿಂದ ಹೊರಗೊಯ್ದರು. ಕೆಮ್ಮಿದೆ. ಗೆರೆಗೆ ತಂದರು. ಸುಮ್ಮನಾದೆ. ಮತ್ತೆ ಹೊರಗೊಯ್ದರು. ಕೆಮ್ಮಿದೆ. ಅಂಗಳದಲ್ಲಿ ನಗು ಸಿಡಿಯಿತು.

"ಒಳಗ ಕೆಮ್ಮೋ ಉಸ್ತಾದರು ಹೊರಗ ಬರ್ರಿ!"

ಅತ್ತೆ ಓಡಿ ಬಂದರು. "ಸೊಸಿ ಮಾವನ ಎದುರಿಗಿ ನಿಂದರತಾಳೇನ್ರಿ? ಮಂದಿ ಏನಂದಾರು?"

"ನನ್ನ ಎದುರಿಗಿ ಬ್ಯಾಡ. ಹಲಗಿ ಎದುರಿಗಿ ನಿಂದರಲಿ."

ಸೆರಗು ಎಳೆದುಕೊಂಡು ಹೋಗಿ ನಿಂತೆ.

"ಹೇಳು ಬೇಟಿ. ನಾ ಎಲ್ಲಿ ತಪ್ಪತೇನಿ?"

"ಭಾಳ ಒತ್ತತೀರಿ ಮಾವಾರ. ಕಚೇರಿ ಮೊಹರ್ ಒತ್ತಿದಂಗ. ಒತ್ತಬ್ಯಾಡ್ರಿ, ಗರಗಸದ ಹಲ್ಲು ತಾವೇ ತಿಂತಾವ. ಮೊಣಕೈ ಪಕ್ಕೆಲುಬಿಗಿ ಹತ್ತಿ ಆಡಬೇಕ್ರಿ. ಈ ಶೇರ್ವಾನಿ ನಿಮ್ಮ ಕೈ ಹಿಡಿತದ."

ಅತ್ತೆ ಹಣೆ ಬಡಿದುಕೊಂಡರು. ಮಾವನವರು ತಲೆ ಬಗ್ಗಿಸಿ ಶೇರ್ವಾನಿಯ ತೋಳು ನೋಡಿಕೊಂಡರು. ಕಚೇರಿ ಬಿಟ್ಟ ಮೇಲೆ ಆ ಮನುಷ್ಯನಿಗೆ ಉಳಿದದ್ದು ಆ ಬಟ್ಟೆಯೊಂದೇ ಎಂದು ನನಗೆ ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಅವರು ಒಂದೊಂದೇ ಗುಂಡಿ ಬಿಚ್ಚಿದರು. ಶೇರ್ವಾನಿ ಕೊಡವಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲಿ ಬಂದು ಕೂತು, "ಹ್ಞಾಂ, ಈಗ ಹೇಳು" ಎಂದರು.

ತೊಟ್ಟಿಲು ನೆಟ್ಟಗೆ ನಿಂತಿತು. ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದು ತೋರಿಸಿದರು. "ಇಕಿ ನಮ್ಮ ಸೊಸಿ, ನನ್ನ ಉಸ್ತಾದ್" ಎಂದು ನನ್ನನ್ನೂ ತೋರಿಸಿದರು. ಮುಂದೆ ಮನೆಯಲ್ಲಿ ಹೊಲದ ಮಾತೇ ಬರಲಿ, ಮದುವೆಯ ಮಾತೇ ಬರಲಿ, "ಉಸ್ತಾದರನ್ನ ಕೇಳ್ರಿ" ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ಬಾಯಿಬಿಟ್ಟು ಮಾತಾಡಲು ಕಲಿತದ್ದು ಹಾಗೆ. ನನ್ನ ಹೆಣ್ಣುಮಕ್ಕಳು ಓದಲಿ ಎಂದು ಆಮೇಲೆ ಆ ಮನೆಯಲ್ಲಿ ಹಟ ಹಿಡಿದದ್ದೂ ಅದೇ ಬಾಯಿ.

ಅವರು ತೀರಿಕೊಂಡಾಗ ಮಕ್ಕಳೆಲ್ಲ ದೊಡ್ಡವರಾಗಿದ್ದರು. ನಮ್ಮಲ್ಲಿ ಸತ್ತವರನ್ನು ವಿಮಾನವೆಂಬ ಕಟ್ಟಿಗೆಯ ಪಲ್ಲಕ್ಕಿಯಲ್ಲಿ ಕೂಡಿಸಿ ಒಯ್ಯುತ್ತಾರೆ. ಅದಕ್ಕೆ ಕಟ್ಟಿಗೆ ಕೊಯ್ಯಬೇಕು. ನಾನು ಗರಗಸಕ್ಕೆ ಕೈ ಹಾಕಿದೆ. "ಹೆಣ್ಮಕ್ಕಳು ಈ ಕೆಲಸ ಮಾಡಂಗಿಲ್ಲ" ಎಂದು ಹಿರಿಯರೊಬ್ಬರು ತಡೆದರು.

ಶವದ ಬದಿಗೆ ಕೂತಿದ್ದ ಅತ್ತೆ ತಲೆ ಎತ್ತಿದರು. "ಆಕಿಗಿ ಬಿಡ್ರಿ. ಬ್ಯಾರೇದವರು ಕೊಯ್ದದ್ದು ಅವರಿಗಿ ಸೇರೂದಿಲ್ಲ."

ಗರಗಸ ಎಳೆದೆ. ಕಣ್ಣು ತುಂಬಿ ಗೆರೆ ಕಾಣುತ್ತಿರಲಿಲ್ಲ. ಕೈ ಮಾತ್ರ ಅತ್ತಿತ್ತ ಹೋಗಲಿಲ್ಲ.