ಮೂರು ಮುಂಜಾನೆ ಹಸಿರಾದ ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ. ನಾನು ಮಕ್ಕಳನ್ನು ಮನೆಯಲ್ಲೇ ಓದಿಸಿದ್ದು ಯಾವ ದೊಡ್ಡ ವಿಚಾರ ಇಟ್ಟುಕೊಂಡೂ ಅಲ್ಲ. ಮಕ್ಕಳು ಪ್ರಕೃತಿಯ ಮಡಿಲಲ್ಲಿ ಕಲಿಯಬೇಕು ಎಂದು ಬರೆಯುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಬೆಟಗೇರಿಯ ನಮ್ಮ ಮನೆಯಲ್ಲಿ ಪ್ರಕೃತಿ ಅಂದರೆ ಹಿತ್ತಲಿನ ಒಂದು ಕರಿಬೇವಿನ ಗಿಡ. ಅದಕ್ಕೂ ಪಕ್ಕದ ಮನೆಯ ಆಡು ದಿನಾ ಬಾಯಿ ಹಾಕುತ್ತದೆ. ನನ್ನ ದೊಡ್ಡ ಮಗಳಿಗೆ ಕಿಡ್ನಿಯ ತೊಂದರೆ ಬಂತು, ಶಾಲೆ ಬಿಡಿಸಿದೆ. ಅಷ್ಟೇ. ಹೋದ ಸಲ ಈ ಬ್ಲಾಗಿನಲ್ಲಿ ಮಕ್ಕಳು ಮಾಡಿದ ಕಾಗದದ ಎತ್ತಿನ ಫೋಟೋ ಹಾಕಿದಾಗ ಬಹಳ ಜನ ಅದರ ಕತೆ ಕೇಳಿದಿರಿ. ಆ ಎತ್ತಿನ ಕತೆಯೂ ನನ್ನ ಪೆದ್ದತನದ ಕತೆಯೂ ಒಂದೇ.

ಆಗ ಅವಳಿಗೆ ಹತ್ತು ವರ್ಷ. ಒಂದು ಮುಂಜಾನೆ ಕಣ್ಣು ಬಾತುಕೊಂಡು ಎದ್ದಳು. ಗುಂಗಾಡು, ಸೊಳ್ಳೆ ಏನೋ ಕಚ್ಚಿರಬೇಕು ಎಂದೆ. ಸಂಜೆಯ ಹೊತ್ತಿಗೆ ಕಾಲೂ ಬಾತಿತ್ತು. ಹುಬ್ಬಳ್ಳಿಯ ಡಾಕ್ಟರ್ ಮೇಡಂ ನೋಡಿ, ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದರು. ಗುಳಿಗೆ ಕೊಟ್ಟರೆ ನಿಲ್ಲುತ್ತದೆ, ಒಂದು ನೆಗಡಿ ಬಂದರೆ ಸಾಕು, ಮತ್ತೆ ಶುರು. ಆ ಗುಳಿಗೆಯೂ ಸುಮ್ಮನೆ ಬಿಡುವಂಥದ್ದಲ್ಲ. ಮುಖ ಉಬ್ಬಿ ದುಂಡಗಾಯಿತು, ಕೆನ್ನೆಯ ಮೇಲೆ ಕೂದಲು ಬಂತು, ಸುಮ್ಮಸುಮ್ಮನೆ ಸಿಟ್ಟು. ಶಾಲೆಯಲ್ಲಿ ಹುಡುಗಿಯರು "ಪುಗ್ಗಾ ಬಂತ್ ನೋಡ್ರಲೇ" ಎಂದು ಬಲೂನಿಗೆ ಹೋಲಿಸಿ ನಕ್ಕರಂತೆ. ಅವಳು ಅದನ್ನು ನನಗೆ ಹೇಳಲಿಲ್ಲ, ತಂಗಿಗೆ ಹೇಳಿದ್ದಳು. ಒಂದೇ ವರ್ಷದಲ್ಲಿ ಬೇನೆ ಮೂರು ಸಲ ಮರುಕಳಿಸಿದಾಗ ಮೇಡಂ, ಸ್ವಲ್ಪ ಕಾಲ ಜನರ ಗದ್ದಲದಿಂದ ದೂರ ಇಡಿ ಎಂದರು. ಶಾಲೆಯಿಂದ ನೆಗಡಿ ಹೊತ್ತು ತರುತ್ತಿದ್ದವಳು ಎಂಟು ವರ್ಷದ ಚಿಕ್ಕವಳು. ಹಾಗಾಗಿ ಅವಳನ್ನೂ ಮನೆಯಲ್ಲಿ ಉಳಿಸಿಕೊಂಡೆ. ಶಾಲೆಯ ಹೆಡ್ ಮೇಡಂ ಒಳ್ಳೆಯವರು, ಇಬ್ಬರ ಹೆಸರನ್ನೂ ತೆಗೆಯದೆ ಪುಸ್ತಕ ಕೊಟ್ಟು ಕಳಿಸಿದರು.

ಓಣಿಯ ಜನ ಸುಮ್ಮನಿರುತ್ತಾರೆಯೇ? ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ನನಗೆ ಕೇಳಿಸಲೆಂದೇ ನಮ್ಮ ಅತ್ತೆಗೆ ಹೇಳಿದಳು. "ಎರಡೂ ಹುಡುಗ್ಯಾರನ್ನ ಸಾಲಿ ಬಿಡ್ಸಿ ಮನ್ಯಾಗ ಕುಂಡ್ರಿಸ್ಯಾಳಲ್ಲ ನಿನ್ನ ಸೊಸಿ, ಈಗ ಲಗ್ನಾ ಮಾಡಾಕೇನ?"

ನಮ್ಮ ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆಯೇ ಅಂದರು. "ನಿನ್ನ ಮೊಮ್ಮಗ ದಿನಾ ಸಾಲಿಗೆ ಹೊಕ್ಕಾನಲ್ಲ, ಒಂದೀಟು ಮೂರರ ಮಗ್ಗಿ ಹೇಳಸ್ ನೋಡೂಣು."

ಅಜ್ಜಿ ಎದ್ದು ಒಳಗೆ ಹೋದಳು.

ನಮ್ಮ ಮನೆಯ ಶಾಲೆ ಅಂದರೆ ಫೋಟೋಗಳಲ್ಲಿ ಕಾಣುವಷ್ಟು ಚಂದ ಇರಲಿಲ್ಲ. ನಾನು ಕಿರುಚಿದ್ದೇನೆ, ಒಮ್ಮೆ ಗಣಿತದ ಪುಸ್ತಕವನ್ನು ಹಿತ್ತಲಿಗೆ ಎಸೆದಿದ್ದೇನೆ. ಭಿನ್ನರಾಶಿ ಕಲಿಸಲು ರೊಟ್ಟಿಯನ್ನು ನಾಲ್ಕು ಭಾಗ ಮಾಡಿ, ಮೂರು ಅಕ್ಕ ತಿಂದಳು, ಉಳಿದದ್ದು ಎಷ್ಟು ಎಂದು ಕೇಳಿದರೆ, ಚಿಕ್ಕವಳು "ಅಕ್ಕ ಮೂರು ತಿನ್ನೂತನಾ ನೀ ಏನ್ ಮಾಡಾಕತ್ತಿದ್ದಿ?" ಎಂದು ನನ್ನನ್ನೇ ಜಗಳಕ್ಕೆ ಕರೆದಳು. ನನ್ನ ಗಂಡ ಗದಗ-ಶಿರಹಟ್ಟಿ ಬಸ್ಸಿನ ಕಂಡಕ್ಟರ್. ಅವರು ಮನೆಗೆ ಬಂದ ಮೇಲೆ ಭೂಗೋಳ, ಅಂದರೆ ಯಾವ ಊರು ದಾಟಿ ಯಾವ ಊರು ಬರುತ್ತದೆ, ಯಾವ ಸ್ಟಾಪಿನಲ್ಲಿ ಯಾರು ಚಿಲ್ಲರೆಗೆ ಜಗಳ ತೆಗೆಯುತ್ತಾರೆ ಎಂಬುದು.

ಮಧ್ಯಾಹ್ನದ ಮೇಲೆ ಕೈಕೆಲಸ. ಅದರ ಮೇಷ್ಟರು ನಮ್ಮ ಅತ್ತೆ. ಹಳೆಯ ಪೇಪರನ್ನು ನೀರಲ್ಲಿ ನೆನೆಸಿ, ಮೆಂತ್ಯ ಕೂಡಿಸಿ ರುಬ್ಬಿ, ಆ ಮುದ್ದೆಯಿಂದ ಬುಟ್ಟಿ ಮಾಡುವುದು ಅವರಿಗೆ ಗೊತ್ತು. ಹುಡುಗಿಯರು ಬುಟ್ಟಿ ಬೇಡ, ಬಸವ ಜಯಂತಿಗೆ ಎತ್ತು ಮಾಡುತ್ತೇವೆ ಎಂದರು. ಜಯಂತಿ ಮುಗಿದು ಎರಡು ವಾರವಾದರೂ ಆ ಎತ್ತು ಮೂರೇ ಕಾಲಿನ ಮೇಲೆ ಗೋಡೆಗೆ ಆನಿಕೊಂಡು ನಿಂತಿತ್ತು. ಅಂತೂ ನಾಲ್ಕನೆಯ ಕಾಲು ಬಂತು. ಬಣ್ಣ ಮನೆಯಲ್ಲೇ ಸಿಗುವುದು ಆಗಬೇಕು ಎಂದು ದೊಡ್ಡವಳ ಹಟ. ಮೈಗೆ ಅರಿಶಿನ, ಕೋಡಿಗೆ ಬೀಟ್‌ರೂಟ್, ಗೊರಸಿಗೆ ಹಂಚಿನ ಮಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಿನಾ ಮುಂಜಾನೆ ನಮ್ಮ ಮೊದಲ ಪಾಠ ಮೂತ್ರ ಪರೀಕ್ಷೆ. ಒಂದು ಚಿಕ್ಕ ಡಬ್ಬಿಯಲ್ಲಿ ಕಾಗದದ ಪಟ್ಟಿಗಳಿರುತ್ತವೆ, ತುದಿಯಲ್ಲಿ ಹಳದಿ ಚೌಕ. ಅದ್ದಿ ತೆಗೆದರೆ ಹಳದಿಯಾಗಿಯೇ ಉಳಿದರೆ ಚೆನ್ನಾಗಿದೆ. ಹಸಿರಾದರೆ ಪ್ರೋಟೀನು ಸೋರುತ್ತಿದೆ. ಹಸಿರು ಗಾಢವಾದಷ್ಟೂ ಕೆಟ್ಟದ್ದು. ಮೂರು ದಿನ ಸಾಲಾಗಿ ಗಾಢ ಹಸಿರು ಬಂದರೆ ಬೇನೆ ಮರಳಿದೆ ಎಂದರ್ಥ, ದೊಡ್ಡ ಡೋಸಿನ ಗುಳಿಗೆ ಮತ್ತೆ ಶುರು. ಬಣ್ಣ ನೋಡಿ ನೋಟುಬುಕ್ಕಿನಲ್ಲಿ ಬರೆಯುವುದು ದೊಡ್ಡವಳ ಕೆಲಸ.

ಆರು ತಿಂಗಳು ಬರೀ ಹಳದಿ. ಮೇಡಂ ಹೇಳಿದ್ದರು, ಬೇಸಿಗೆ ರಜೆ ಮುಗಿಯುವತನಕ ಹೀಗೇ ಇದ್ದರೆ ಶಾಲೆಗೆ ಕಳಿಸಬಹುದು. ಆ ಮಾತು ಕೇಳಿದಂದಿನಿಂದ ಅವಳು ಶಾಲೆಯ ಬ್ಯಾಗು ತೊಳೆದು ಒಣಗಿಸಿ ಮೊಳೆಗೆ ತೂಗುಹಾಕಿದ್ದಳು. ಕನ್ನಡಿ ಮುಂದೆ ನಿಂತು ಕೆನ್ನೆ ಹಿಸುಕಿ ನೋಡಿಕೊಳ್ಳುತ್ತಿದ್ದಳು. ಮುಖ ಮೊದಲಿನಂತೆ ಆಗಿತ್ತು.

ಶಾಲೆ ಶುರುವಾಗಲು ಹನ್ನೆರಡು ದಿನ ಇತ್ತು. ಅಷ್ಟರಲ್ಲಿ ಎಲ್ಲಿ ಹಸಿರಾಗುತ್ತದೋ ಎಂದು ನನಗೆ ಹೆದರಿಕೆ. ನಾನು ಮೊದಲಿನಿಂದ ದೇವರನ್ನು ನಂಬುವವಳೇ. ಆದರೆ ಈ ಎರಡು ವರ್ಷ ನನ್ನ ಪೂಜೆ ಪೂಜೆಯಾಗಿ ಉಳಿದಿರಲಿಲ್ಲ, ತಕರಾರು ಅರ್ಜಿಯಾಗಿತ್ತು. ಒಂದು ದಿನ ಬೇಡುವುದು, ಮರುದಿನ ಬೈಯುವುದು. ಆ ಭಾನುವಾರ ಮುಂಡರಗಿಯಿಂದ ನಮ್ಮ ಕಾಕಾ ಬಂದರು. ಅವರು ಸಗಣಿಯ ಕುಳ್ಳು ಸುಟ್ಟು, ಬೂದಿ ಸೋಸಿ, ಹಳೆಯ ಪದ್ಧತಿಯಲ್ಲಿ ಮನೆಯಲ್ಲೇ ವಿಭೂತಿ ಮಾಡುವವರು. ಎರಡು ಗಟ್ಟಿ ನನ್ನ ಕೈಗಿಟ್ಟು ಅಂದರು. "ಕೂಸಿನ ಹಣಿಗೆ ದಿನಾ ಹಚ್ಚವಾ ಮಗಳ. ಎಲ್ಲಾ ಚಲೋ ಆಗತೈತಿ, ಚಿಂತಿ ಬಿಡು."

ಹಣೆಗೆ ಹಚ್ಚು ಎಂದರು. ನಾನು ಅಷ್ಟಕ್ಕೆ ನಿಲ್ಲಬೇಕಿತ್ತು. ನಮ್ಮಲ್ಲಿ ಏನೇ ಮುಖ್ಯವಾದದ್ದು ಮನೆಗೆ ಬಂದರೂ ದೇವರ ಜಗಲಿಗೆ ಇಟ್ಟು ವಿಭೂತಿ ಹಚ್ಚುವ ರೂಢಿ. ಹಾಲ್‌ಟಿಕೆಟ್ಟು, ಹೊಸ ಬೀಗ, ಎಲ್‌ಐಸಿ ಕಾಗದ, ಯಾವುದೂ ಬಿಟ್ಟಿಲ್ಲ. ಸೋಮವಾರ ಮುಂಜಾನೆ ಪೂಜೆ ಮುಗಿಸಿ ಆ ಪಟ್ಟಿಯ ಡಬ್ಬಿಗೂ ಮೂರು ಬೆರಳು ಎಳೆದೆ. ಮೇಲೆ ಹಚ್ಚಿದರೆ ಒಳಗಿನವಕ್ಕೆ ಹೇಗೆ ತಾಗಬೇಕು? ಮುಚ್ಚಳ ತೆಗೆದು ಒಂದು ಚಿಟಿಕೆ ಒಳಗೂ ಉದುರಿಸಿ, ಒಮ್ಮೆ ಅಲ್ಲಾಡಿಸಿ ಇಟ್ಟೆ. ಯಾರಿಗೂ ಹೇಳಲಿಲ್ಲ. ನಾನು ಬಿ.ಎ. ಓದಿದವಳು, ನಾಚಿಕೆ.

ಆ ಮುಂಜಾನೆಯೇ ಚೌಕ ಹಸಿರಾಯಿತು.

ದೊಡ್ಡವಳು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ನೋಟುಬುಕ್ಕಿನಲ್ಲಿ ಬರೆದಳು. ಮಂಗಳವಾರ ಇನ್ನೂ ಗಾಢ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದೆ ಚಿಕ್ಕವಳನ್ನು ಹಿಡಿದೆ. "ಅಕ್ಕಗ ಐಸ್ ಕೊಟ್ಟಿದ್ದೇನ? ಖರೆ ಹೇಳು."

"ನಾ ಏನೂ ಕೊಟ್ಟಿಲ್ಲವಾ!"

"ಸುಳ್ಳ ಹೇಳಬ್ಯಾಡ."

"ದೇವರಾಣಿ ಕೊಟ್ಟಿಲ್ಲ!" ಎಂದು ಅವಳು ಅತ್ತುಕೊಂಡು ನಮ್ಮ ಅತ್ತೆಯ ಸೆರಗಿನೊಳಗೆ ಹೊಕ್ಕಳು. ನಾನು ನಂಬಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಮೇಡಂ ಅಂದರು. "ನಾಳೆ ಮುಂಜಾನೆನೂ ಹಿಂಗಽ ಬಂದ್ರ ಗುಳಿಗಿ ಚಾಲೂ ಮಾಡ್ರಿ. ಆಮೇಲೆ ಕರ್ಕೊಂಡ್ ಬರ್ರಿ." ಗಂಡ ಶಿರಹಟ್ಟಿ ಬಸ್ ಸ್ಟ್ಯಾಂಡಿನಿಂದ ಮಾತಾಡಿದರು. "ಆಕಿಗೆ ಸಾಲಿ ವಿಷಯ ಈಗ ಎತ್ತಬ್ಯಾಡ. ನಾ ಬಂದು ಹೇಳ್ತೀನಿ." ಅವರ ದನಿಯೇ ಬಿದ್ದುಹೋಗಿತ್ತು.

ಬುಧವಾರವೂ ಹಸಿರು.

ನಾನು ಗುಳಿಗೆಯ ಪೊಟ್ಟಣ ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟೆ. ಅವಳು ಅಳಲಿಲ್ಲ. ಕಣ್ಣಿನ ಕೆಳಗೆ ಬೆರಳಿಟ್ಟು ಒತ್ತಿ ತೋರಿಸಿದಳು. "ನೋಡವಾ, ಬಾತಿಲ್ಲ. ಕಾಲೂ ಬಾತಿಲ್ಲ."

"ಆಮ್ಯಾಲ ಬಾಯತೈತಿ. ನುಂಗು."

"ಉಂಡ ಮ್ಯಾಲ ನುಂಗಬೇಕಂತ ಮೇಡಂ ಹೇಳ್ಯಾರ. ಉಣ್ತೀನಿ ತಡಿ." ಉಪ್ಪಿಟ್ಟಿನ ಒಂದೊಂದು ಕಾಳನ್ನೇ ಎಣಿಸಿದಂತೆ ತಿನ್ನತೊಡಗಿದಳು. ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ಗುಳಿಗೆಯನ್ನು ಮುಂದೂಡುವುದು, ಇನ್ನೇನು ಮಾಡಿಯಾಳು. ನಾನು ಬೇರೆ ಕಡೆ ಮುಖ ಮಾಡಿದೆ.

ಪಡಸಾಲೆಯಲ್ಲಿ ಚಿಕ್ಕವಳು ನನ್ನ ಮೇಲಿನ ಸಿಟ್ಟಿಗೆ ಒಬ್ಬಳೇ ಎತ್ತಿನ ಮುಂದೆ ಕೂತಿದ್ದಳು. ಅರಿಶಿನ ಇನ್ನೂ ಹಸಿಯಿತ್ತು. ದೇವರ ಜಗಲಿಯಿಂದ ಕಾಕಾನ ವಿಭೂತಿ ತಂದು ನೀರಲ್ಲಿ ಕಲಸಿ, ಎತ್ತಿನ ಹಣೆಗೆ ಮೂರು ಗೆರೆ ಎಳೆದಳು. ಮರುಕ್ಷಣವೇ ಚೀರಿದಳು.

"ಆಯೀ! ಎತ್ತಿನ ಹಣಿಗೆ ರಕ್ತಾ ಬಂತು!"

ಓಡಿಹೋಗಿ ನೋಡಿದರೆ ಬಿಳಿಯ ಗೆರೆ ಬರಬೇಕಾದಲ್ಲಿ ಕೆಂಪು ಗೆರೆ. ಅತ್ತೆ ಕನ್ನಡಕ ಏರಿಸಿ ನೋಡಿ ನಕ್ಕರು. "ರಕ್ತ ಅಲ್ಲವಾ ಹುಚ್ಚಿ. ಓಕುಳಿ ಹೆಂಗ ಮಾಡ್ತಾರ? ಅರಿಷಿಣಕ್ಕ ಸುಣ್ಣ ಹಾಕಿದ್ರ ಕೆಂಪ ಆಗೂದಿಲ್ಲೇನು? ಬೂದಿಗೂ ಆ ಗುಣ ಐತಿ. ಹಳದಿ ಕಂಡ್ರ ಬಣ್ಣ ಬದಲ ಮಾಡತೈತಿ."

ದೊಡ್ಡವಳು ತಟ್ಟೆ ಹಿಡಿದುಕೊಂಡೇ ಎದ್ದು ಬಂದಿದ್ದಳು. ಎತ್ತಿನ ಹಣೆ ನೋಡಿದಳು. ತಟ್ಟೆ ಕೆಳಗಿಟ್ಟು, ದೇವರ ಜಗಲಿಗೆ ಹೋಗಿ ಪಟ್ಟಿಯ ಡಬ್ಬಿ ತಂದಳು. ಮುಚ್ಚಳ ತೆಗೆದು ಅಂಗೈ ಮೇಲೆ ತಟ್ಟಿದಳು. ಬಿಳಿಯ ಪುಡಿ ಬಿತ್ತು.

"ಅವ್ವಾ, ಇದೇನಿದು?"



ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ಕುಡಿಯುವ ನೀರು ತಂದಳು. ಒಂದು ಪಟ್ಟಿ ಅದ್ದಿದಳು. ನಾವು ನಾಲ್ಕೂ ಜನ ಬಾಗಿ ನೋಡುತ್ತಿದ್ದಂತೆ ಹಳದಿ ಚೌಕ ಹಸಿರಾಯಿತು. ಮೂರು ದಿನ ನಾವು ಕಂಡ ಅದೇ ಹಸಿರು.

"ನೋಡವಾ," ಎಂದಳು. "ಕುಡಿಯೂ ನೀರಿಗೂ ಕಿಡ್ನಿ ಬ್ಯಾನಿ ಬಂದೈತಿ."

ಅತ್ತೆ ನನ್ನ ಮುಖ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿದೆ. ಒಂದು ಚಿಟಿಕೆ ಹಾಕಿ ಅಲ್ಲಾಡಿಸಿದ್ದನ್ನೂ ಹೇಳಿದೆ. ಚಿಕ್ಕವಳು ನನ್ನ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟಳು. "ಮತ್ತ ನನಗ ಐಸ್ ಕೊಟ್ಟಿ ಅಂದಿ?"

"ತಪ್ಪಾತವಾ," ಎಂದೆ. "ಕಾಲಿಗೆ ಬೀಳ್ಲೇನು?"

"ಬ್ಯಾಡ. ಐಸ್ ಕೊಡಸು."

ಆದರೆ ಇಷ್ಟರಿಂದಲೇ ಮಗಳು ಚೆನ್ನಾಗಿದ್ದಾಳೆ ಎಂದಾಗಲಿಲ್ಲ. ಪಟ್ಟಿ ಸುಳ್ಳು ಹೇಳಿತ್ತು ನಿಜ, ಖರೆ ಏನು ಎಂದು ಇನ್ನೂ ಗೊತ್ತಿರಲಿಲ್ಲವಲ್ಲ. ಗುಳಿಗೆ ಮುಟ್ಟಲಿಲ್ಲ. ಆಟೋ ಹಿಡಿದು ಗದಗಿನ ಒಂದು ಲ್ಯಾಬಿಗೆ ಹೋದೆವು. ಅರ್ಧ ತಾಸು ಬೆಂಚಿನ ಮೇಲೆ ಕೂತೆವು. ನಾನು ದೇವರ ಹೆಸರು ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ದೊಡ್ಡವಳು ನನ್ನ ಕೈ ಹಿಡಿದುಕೊಂಡಿದ್ದಳು. ಅಷ್ಟು ಹೊತ್ತು ಪತ್ತೇದಾರಿ ಮಾಡಿದವಳು ಈಗ ಹನ್ನೆರಡು ವರ್ಷದ ಹೆದರಿದ ಕೂಸು.

ಲ್ಯಾಬಿನ ಹುಡುಗಿ ಕಾಗದ ತಂದು ಕೊಟ್ಟಳು. "ಪ್ರೋಟೀನ್ ನಿಲ್ ಐತ್ರಿ."

"ನಿಲ್ ಅಂದ್ರ ಇಲ್ಲಽ ಇಲ್ಲೇನವಾ?"

"ಇಲ್ರಿ."

"ಸ್ವಲ್ಪನೂ?"

"ಎಷ್ಟ್ ಸಲ ಕೇಳಿದ್ರೂ ಅಷ್ಟ ಐತ್ರಿ ಅಕ್ಕಾರ. ಇಲ್ಲ."

ಎದ್ದಿದ್ದವಳು ಮತ್ತೆ ಬೆಂಚಿನ ಮೇಲೆ ಕೂತೆ. ಅಳು ಬಂತು, ಜೊತೆಗೇ ನಗುವೂ ಬಂತು. ಅಲ್ಲಿ ಕೂತವರೆಲ್ಲ ನೋಡುತ್ತಿದ್ದರು, ನೋಡಲಿ ಬಿಡಿ ಎಂದುಕೊಂಡೆ. ಗಂಡನಿಗೆ ಫೋನ್ ಮಾಡಿದರೆ ಬಸ್ಸಿನ ಗದ್ದಲದಲ್ಲಿ ಅವರು ಒಂದೇ ಮಾತು ಮೂರು ಸಲ ಕೇಳಿದರು. ಆಮೇಲೆ ಯಾರಿಗೋ "ನನ್ನ ಮಗಳು ಅರಾಮ ಅದಾಳ್ರಿ" ಎನ್ನುವುದು ಕೇಳಿಸಿತು. ಟಿಕೆಟ್ ತೆಗೆಸುತ್ತಿದ್ದ ಯಾರಿಗೋ ಇರಬೇಕು.

ಹುಬ್ಬಳ್ಳಿಯ ಮೇಡಂ ಪೂರ್ತಿ ಕೇಳಿಸಿಕೊಂಡು, ನಕ್ಕು, ಆಮೇಲೆ ಬೈದರು. ಹೊಸ ಡಬ್ಬಿ ತನ್ನಿ, ಅದನ್ನು ಒಣ ಕೈಯಿಂದ ಬಿಟ್ಟು ಬೇರೆ ಯಾವುದರಿಂದಲೂ ಮುಟ್ಟಬೇಡಿ ಎಂದರು.

ಸಂಜೆ ಅತ್ತೆಯ ಹತ್ತಿರ ಕೂತೆ. "ನನಗ ನಂಬಿಕಿ ಜಾಸ್ತಿ ಆತೋ, ಕಮ್ಮಿ ಆತೋ ಅತ್ತಿ?" ಎಂದು ಕೇಳಿದೆ.

"ನಂಬಿಕಿ ಇದ್ದಿದ್ರ ಡಬ್ಬಿಯೊಳಗ ಯಾಕ ಹಾಕ್ತಿದ್ದಿ?" ಎಂದರು. "ಹೆದರಿಕಿ ಇತ್ತು, ಹಾಕಿದಿ. ಇರ್ಲಿ ಬಿಡು. ತಾಯಿ ಅಂದ ಮ್ಯಾಲ ಹೆದರಾಕ ಬೇಕು. ದೇವ್ರಿಗೆ ಅದೂ ತಿಳಿತೈತಿ."

ಆ ಮಾತು ನನಗೆ ಎರಡು ವರ್ಷದಲ್ಲಿ ಯಾವ ಪೂಜೆಯೂ ಕೊಡದಷ್ಟು ಸಮಾಧಾನ ಕೊಟ್ಟಿತು. ಆ ದಿನ ದೀಪ ಹಚ್ಚಿ ಏನೂ ಬೇಡಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಕೂತಿದ್ದೆ.

ಉಳಿದ ದಿನಗಳೆಲ್ಲ ಹಳದಿ. ಶಾಲೆ ಶುರುವಾದ ದಿನ ಇಬ್ಬರನ್ನೂ ಕರೆದುಕೊಂಡು ಹೋದೆ. ಗೇಟಿನಲ್ಲಿ ನಿಂತು ನೀರಿನ ಬಾಟಲಿ, ಮಾಸ್ಕು, ಉಪ್ಪಿನಕಾಯಿ ಮುಟ್ಟಬೇಡ, ಯಾರಾದರೂ ಕೆಮ್ಮಿದರೆ ಸರಿದು ಕೂಡು ಎಂದು ಹೇಳುತ್ತಲೇ ಇದ್ದೆ. ದೊಡ್ಡವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಆತವಾ, ಹೋಗು ಇನ್ನ. ಎಲ್ಲಾರೂ ನೋಡಾಕತ್ತಾರ." ಅಷ್ಟರಲ್ಲಿ ಹಳೆಯ ಗೆಳತಿಯೊಬ್ಬಳು ಓಡಿಬಂದು ಅವಳ ಬ್ಯಾಗು ಎಳೆದಳು. ಅವಳು ತಿರುಗಿ ನೋಡದೆ ಹೋದಳು.

ಮನೆಗೆ ಬಂದು, ಮುಂಜಾನೆಯ ರೊಟ್ಟಿ ತಿಂದು, ಹನ್ನೊಂದು ಗಂಟೆಯ ಹಾಡುಹಗಲಿನಲ್ಲಿ ಚಾಪೆ ಹಾಕಿ ಮಲಗಿದೆ. ಕಣ್ಣು ಮುಚ್ಚುವಾಗ ಬಾಗಿಲಲ್ಲಿ ಎದುರುಮನೆಯ ಅಜ್ಜಿಯ ದನಿ ಕೇಳಿಸಿತು. "ಏನವಾ, ನಿನ್ನ ಸೊಸಿ ಕಾಣವಲ್ಲಳು?"

"ಮಲಗ್ಯಾಳ," ಎಂದರು ಅತ್ತೆ. "ಮೆಲ್ಲಕ ಮಾತಾಡು."